ಕಾರಿನ ಸ್ಟೀರಿಯೊ: ತಂತಿಯ ದೋಷಗಳನ್ನು ಅರಸುವ ಬಗೆ

ಕೊಳ್ಳೇಗಾಲದಲ್ಲಿ ರೇಷ್ಮೆಯ ವ್ಯಾಪಾರ ನಡೆಸುವ ನಮ್ಮ ಮಿತ್ರರೊಬ್ಬರು ಹಳೆಯದೊಂದು ಸಣ್ಣ ಕಾರನ್ನು ಕೊಂಡರು. ಹನೂರು, ಯಳಂದೂರುಗಳ ಕಡೆಯ ರೈತರನ್ನು ಕಂಡುಬರುವುದಕ್ಕೂ, ಆಗೊಮ್ಮೆ ಈಗೊಮ್ಮೆ ಮನೆಯವರೊಡನೆ ಮಹದೇಶ್ವರನ ಬೆಟ್ಟಕ್ಕೆ ಹೋಗುವುದಕ್ಕೂ ಅದು ಒದಗುತ್ತಿತ್ತು. ದಾರಿಯ ಬೇಸರ ಕಳೆಯಲೆಂದು ಅವರು ಅದಕ್ಕೆ ಹೊಸದೊಂದು ಸ್ಟೀರಿಯೊ ಹಾಕಿಸಿದರು. ಪೆಟ್ಟಿಗೆ ಹಾಡಿತು, ಎಲ್ಲರಿಗೂ ಸಂತೋಷವಾಯಿತು.

ಸಂತೋಷ ಒಂದು ವಾರ ಉಳಿಯಿತು. ಕೀಲಿಯನ್ನು ತೆಗೆದಾಗಲೆಲ್ಲ ಪೆಟ್ಟಿಗೆಯು ಗಡಿಯಾರದ ಹೊತ್ತನ್ನೂ ಆರಿಸಿಟ್ಟ ರೇಡಿಯೋ ಕೇಂದ್ರಗಳನ್ನೂ ಮರೆಯುತ್ತಿತ್ತು. ಎಂಜಿನ್ ಓಡುವಾಗ ಸಂಗೀತದ ಹಿಂದೆ ದುಂಬಿಯ ಝೇಂಕಾರದಂತಹ ಸದ್ದೊಂದು ಸೇರಿಕೊಳ್ಳುತ್ತಿತ್ತು. ಮೃದಂಗದ ಗುಮ್ಮೆನ್ನುವ ನಾದ ಎಲ್ಲಿಯೋ ಅಡಗಿಹೋಗಿತ್ತು. ಮೈಸೂರು ಆಕಾಶವಾಣಿ ಕ್ಷೀಣವಾಗಿ ಕೇಳಿಸುತ್ತಿತ್ತು. ಮರೆವಿನ ತೊಂದರೆಯನ್ನು ಪರಿಚಯದ ಹುಡುಗನೊಬ್ಬನು ಎರಡು ತಂತಿಗಳನ್ನು ಹೊಸೆದು ಹತ್ತು ನಿಮಿಷದಲ್ಲಿ ನಿವಾರಿಸಿಕೊಟ್ಟನು. ಅದಾದ ಕೆಲವೇ ದಿನಗಳಲ್ಲಿ, ಒಂದು ಸೋಮವಾರ ಬೆಳಗ್ಗೆ, ವೃದ್ಧ ತಾಯಿಯವರನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಅವರನ್ನು ಕಾರಿನಲ್ಲಿ ಕೂರಿಸಿ ಕೀಲಿ ತಿರುಗಿಸಿದರೆ, ಕಾರು 'ಕಟ್' ಎಂದು ಸುಮ್ಮನಾಯಿತು. ಬ್ಯಾಟರಿ ಬರಿದಾಗಿತ್ತು. ನೆರೆಯವರು ಕೂಡಿ ತಳ್ಳಿದ ಮೇಲೆ ಎಂಜಿನ್ ಎದ್ದಿತು. ವೈದ್ಯರು ಕೊಟ್ಟಿದ್ದ ಹೊತ್ತು ಮಾತ್ರ ಮೀರಿಹೋಗಿತ್ತು.

ಆ ಸಂಜೆ ಮಿತ್ರರು ನಮ್ಮನ್ನು ಕರೆಸಿ, "ಪೆಟ್ಟಿಗೆ ಚೆನ್ನಾಗಿಯೇ ಹಾಡುತ್ತಿದೆಯಲ್ಲ ಸ್ವಾಮಿ, ಕಾರಿಗೇನಾಯಿತು?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕಿದ ಬಗೆಯನ್ನು ಇಲ್ಲಿ ವಿವರಿಸುತ್ತೇವೆ. ಪ್ರೌಢಶಾಲೆಯಲ್ಲಿ ಓದಿದ ಓಮನ ನಿಯಮಕ್ಕಿಂತ ಹೆಚ್ಚಿನ ಶಾಸ್ತ್ರಜ್ಞಾನ ಇದಕ್ಕೆ ಬೇಕಾಗಲಿಲ್ಲ.

ಹೋಗುವ ದಾರಿ, ಮರಳುವ ದಾರಿ

ವಿದ್ಯುತ್ತು ಹರಿಯಬೇಕಾದರೆ ಅದಕ್ಕೆ ಮುಚ್ಚಿದ ಮಂಡಲವೊಂದು ಬೇಕು. ಬ್ಯಾಟರಿಯ ಧನಾಗ್ರದಿಂದ ಹೊರಟ ಪ್ರವಾಹವು ಉಪಕರಣವನ್ನು ಹಾದು ಋಣಾಗ್ರಕ್ಕೆ ಮರಳಬೇಕು. ಕಾರಿನಲ್ಲಿ ಮರಳುವ ದಾರಿಗೆಂದು ಪ್ರತಿಯೊಂದು ದೀಪಕ್ಕೂ ಬೇರೆ ತಂತಿ ಎಳೆಯುವುದಿಲ್ಲ. ಕಾರಿನ ಉಕ್ಕಿನ ಮೈಯೇ ಎಲ್ಲಕ್ಕೂ ಸಾಮಾನ್ಯವಾದ ಮರಳುದಾರಿ. ಬ್ಯಾಟರಿಯ ಋಣಾಗ್ರವನ್ನು ದಪ್ಪ ಕೇಬಲ್ಲಿನಿಂದ ಮೈಗೆ ಬಿಗಿದಿರುತ್ತಾರೆ. ಮೆಕ್ಯಾನಿಕ್ಕುಗಳು 'ಅರ್ತ್' ಎನ್ನುವುದು ಇದನ್ನೇ. ಮನೆಯ ಅರ್ತಿನಂತೆ ಇದು ನೆಲಕ್ಕೆ ಇಳಿದುದಲ್ಲ.

ಈ ಏರ್ಪಾಡಿನಿಂದ ತಂತಿಯ ಉಳಿತಾಯವಾಗುವುದು ನಿಜ. ಆದರೆ ಧನಾಗ್ರಕ್ಕೆ ಸೇರಿದ ಯಾವುದೇ ತಂತಿಯ ಹೊದಿಕೆ ಹರಿದು ಲೋಹದ ಮೈಗೆ ತಗುಲಿದರೂ ಪ್ರವಾಹಕ್ಕೆ ಅಡ್ಡದಾರಿ ದೊರೆಯುವುದು. ಆದುದರಿಂದ ತಂತಿಯನ್ನು ಬಿಚ್ಚುವ ಇಲ್ಲವೆ ಜೋಡಿಸುವ ಮೊದಲು ಬ್ಯಾಟರಿಯ ಋಣಾಗ್ರವನ್ನು ಬಿಚ್ಚಿಡತಕ್ಕದ್ದು. ಋಣಾಗ್ರವನ್ನೇ ಏಕೆ ಮೊದಲು ಬಿಚ್ಚಬೇಕು? ಧನಾಗ್ರವನ್ನು ಬಿಚ್ಚುವಾಗ ಸ್ಪ್ಯಾನರು ಮೈಗೆ ತಾಗಿದರೆ ಬ್ಯಾಟರಿಯ ಎರಡು ತುದಿಗಳೂ ಸ್ಪ್ಯಾನರಿನ ಮೂಲಕ ನೇರವಾಗಿ ಕೂಡಿ ಕಿಡಿ ಹಾರುವುದು. ಋಣಾಗ್ರವು ಮೊದಲೇ ಮೈಗೆ ಕೂಡಿರುವುದರಿಂದ ಅದರ ಸ್ಪ್ಯಾನರು ಮೈಗೆ ತಾಗಿದರೆ ಏನೂ ಆಗುವುದಿಲ್ಲ. ಇನ್ನೊಂದು ಎಚ್ಚರಿಕೆ: ಈಚಿನ ಕಾರುಗಳಲ್ಲಿ ಗಾಳಿಚೀಲಗಳ, ಎಂದರೆ ಏರ್‌ಬ್ಯಾಗುಗಳ, ತಂತಿಗಳೂ ಅದೇ ಫಲಕದ ಹಿಂದೆ ಇರುತ್ತವೆ. ಸಾಮಾನ್ಯವಾಗಿ ಅವುಗಳ ಜೋಡಣೆಗಳು ಹಳದಿ ಬಣ್ಣದವು. ಅವನ್ನು ಮುಟ್ಟಲೇ ಬಾರದು.

ನಮಗೆ ಬೇಕಾದ ಉಪಕರಣ ಒಂದು ಮಲ್ಟಿಮೀಟರು. ಊಟದ ತಟ್ಟೆಯಷ್ಟೂ ಬೆಲೆಬಾಳದ ಮೀಟರುಗಳು ಸಿಕ್ಕುತ್ತವೆಯಾದರೂ, ಅದನ್ನು ಹಿಡಿದವನಿಗೆ ಕೇಳಬೇಕಾದ ಪ್ರಶ್ನೆ ಗೊತ್ತಿರಬೇಕು.

ಬಣ್ಣಗಳ ಭಾಷೆ

ಅಂಗಡಿಯಲ್ಲಿ ಕೊಳ್ಳುವ ಸ್ಟೀರಿಯೊಗಳ ತಂತಿಗಳಿಗೆ ಬಹುಮಟ್ಟಿಗೆ ಒಂದೇ ಬಗೆಯ ಬಣ್ಣಗಳಿರುವುವು. ಹಳದಿ ತಂತಿಗೆ ಸದಾಕಾಲ ೧೨ ವೋಲ್ಟು ದೊರೆಯಬೇಕು. ಪೆಟ್ಟಿಗೆಯ ನೆನಪನ್ನು ಕಾಯುವುದೂ, ಹೆಚ್ಚಿನ ಪೆಟ್ಟಿಗೆಗಳಲ್ಲಿ ಹಾಡುವ ಶಕ್ತಿಯನ್ನು ಒದಗಿಸುವುದೂ ಇದೇ. ಕೆಂಪು ತಂತಿಗೆ ಕೀಲಿ ತಿರುಗಿಸಿದಾಗ ಮಾತ್ರ ೧೨ ವೋಲ್ಟು ಬರಬೇಕು. 'ಏಳು' ಎಂದು ಪೆಟ್ಟಿಗೆಗೆ ಹೇಳುವುದು ಇದರ ಕೆಲಸ. ಕಪ್ಪು ತಂತಿ ಮರಳುದಾರಿ. ನೀಲಿ ತಂತಿ ಆಂಟೆನಾಕ್ಕೆ, ಬಿಳಿಯ ಗೀಟುಳ್ಳ ನೀಲಿ ತಂತಿ ಪ್ರತ್ಯೇಕ ಆಂಪ್ಲಿಫಯರಿಗೆ ಸೂಚನೆ ಕೊಡುವುವು. ಬಿಳಿ, ಬೂದು ಬಣ್ಣದ ಜೋಡಿಗಳು ಮುಂದಿನ ಎಡ ಬಲ ಸ್ಪೀಕರುಗಳಿಗೂ, ಹಸಿರು, ನೇರಿಳೆ ಜೋಡಿಗಳು ಹಿಂದಿನ ಎಡ ಬಲ ಸ್ಪೀಕರುಗಳಿಗೂ ಸೇರಿದವು. ಪ್ರತಿ ಜೋಡಿಯಲ್ಲಿ ಕಪ್ಪು ಗೀಟುಳ್ಳ ತಂತಿ ಋಣ.

ಆದರೆ ಈ ಭಾಷೆ ಪೆಟ್ಟಿಗೆಯದು, ಕಾರಿನದಲ್ಲ. ಕಾರಿನ ತಂತಿಗಳ ಬಣ್ಣವನ್ನು ಆಯಾ ಕಾರಿನ ತಯಾರಕರು ತಮ್ಮ ಇಷ್ಟದಂತೆ ಆರಿಸಿರುತ್ತಾರೆ. ಕಾರಿನ ಕೆಂಪನ್ನು ಪೆಟ್ಟಿಗೆಯ ಕೆಂಪಿಗೆ ಕೂಡಿಸಿದವನು ಹೆಸರು ಒಂದೇ ಎಂದು ಬೇರೆ ಮನೆಯ ಬಾಗಿಲು ತಟ್ಟಿದವನಂತೆ. ಬಣ್ಣವು ಊಹೆಯನ್ನು ಮಾತ್ರ ಕೊಡುವುದು. ಅದನ್ನು ನಿಶ್ಚಯಿಸತಕ್ಕದ್ದು ಮೀಟರು.

ಮರೆವಿನ ರೋಗ ಮತ್ತು ಅದರ ತಪ್ಪು ಮದ್ದು

ಮಿತ್ರರ ಪೆಟ್ಟಿಗೆ ಮೊದಲು ಏಕೆ ಮರೆಯುತ್ತಿತ್ತು? ಹುಡುಗನು ಹೊಸೆದಿದ್ದ ಗಂಟನ್ನು ಬಿಚ್ಚಿ, ಕಾರಿನ ಕಡೆಯ ಎರಡು ತಂತಿಗಳನ್ನು ಬೇರೆಬೇರೆಯಾಗಿ ಅಳೆದೆವು. ಮೀಟರಿನ ಕಪ್ಪು ಮೊನೆಯನ್ನು ಮೈಯ ಬರಿಯ ಲೋಹಕ್ಕೆ ಒತ್ತಿ, ಕೆಂಪು ಮೊನೆಯನ್ನು ಒಂದೊಂದು ತಂತಿಗೂ ತಾಗಿಸಿದೆವು. ಕೀಲಿ ಇಲ್ಲದಾಗ ಒಂದರಲ್ಲಿ ೧೨.೪ ವೋಲ್ಟು, ಇನ್ನೊಂದರಲ್ಲಿ ಸೊನ್ನೆ. ಕೀಲಿ ತಿರುಗಿಸಿದಾಗ ಎರಡರಲ್ಲೂ ೧೨.೪. ಸದಾ ಜೀವವುಳ್ಳ ತಂತಿ ಯಾವುದು, ಕೀಲಿಗೆ ಅಧೀನವಾದುದು ಯಾವುದು ಎಂಬುದು ಇಷ್ಟರಿಂದಲೇ ಸ್ಪಷ್ಟವಾಯಿತು. ಸ್ಟೀರಿಯೊ ಹಾಕಿದವರು ಇವೆರಡನ್ನೂ ಅದಲುಬದಲು ಮಾಡಿದ್ದರು. ಹಳದಿ ತಂತಿ ಕೀಲಿಗೆ ಅಧೀನವಾಗಿತ್ತು.

ಈ ತಪ್ಪು ಅಪರೂಪವಲ್ಲ. ಅನೇಕ ಕಾರುಗಳಲ್ಲಿ ಬಳಸುವ ಐಎಸ್‌ಒ ಪ್ಲಗ್ಗಿನಲ್ಲಿ ಸಾಮಾನ್ಯವಾಗಿ ೪ನೆಯ ಕಡ್ಡಿ ಸದಾ ಜೀವವುಳ್ಳದ್ದು, ೭ನೆಯದು ಕೀಲಿಗೆ ಸೇರಿದ್ದು, ೮ನೆಯದು ಮರಳುದಾರಿ. ಕೆಲವು ತಯಾರಕರ ಕಾರುಗಳಲ್ಲಿ ೪ ಮತ್ತು ೭ ಪರಸ್ಪರ ಬದಲಾಗಿರುತ್ತವೆ. ಪ್ಲಗ್ಗು ಸರಾಗವಾಗಿ ಕೂತಿತೆಂದ ಮಾತ್ರಕ್ಕೆ ತಂತಿಗಳು ಸರಿಯಾಗಿ ಕೂಡಿದುವೆಂದು ಹೇಳಲಾಗದು.

ಇನ್ನು ಹುಡುಗನ ಮದ್ದನ್ನು ನೋಡೋಣ. ಅವನು ಕೆಂಪು, ಹಳದಿ ಎರಡನ್ನೂ ಹೊಸೆದು ಸದಾ ಜೀವವುಳ್ಳ ತಂತಿಗೇ ಕಟ್ಟಿದ್ದನು. ಮರೆವು ನಿಂತಿತು, ಆದರೆ 'ಏಳು' ಎನ್ನುವ ತಂತಿ ಹಗಲಿರುಳೂ 'ಏಳು' ಎನ್ನುತ್ತಲೇ ಇತ್ತು. ಕೀಲಿ ತೆಗೆದರೂ ಪೆಟ್ಟಿಗೆ ಮಲಗುತ್ತಿರಲಿಲ್ಲ. ಶನಿವಾರ ಸಂಜೆ ಮಿತ್ರರು ಸದ್ದನ್ನು ಸೊನ್ನೆಗೆ ಇಳಿಸಿ, ಪೆಟ್ಟಿಗೆ ಆರಿತೆಂದು ತಿಳಿದು ಮನೆಯೊಳಗೆ ಹೋದರು.

ಹಾಗೆ ಮೌನವಾಗಿ ಎಚ್ಚರವಾಗಿದ್ದ ಪೆಟ್ಟಿಗೆ ಎಷ್ಟು ಪ್ರವಾಹವನ್ನು ಕುಡಿಯುತ್ತಿತ್ತು? ಬ್ಯಾಟರಿಯ ಋಣಾಗ್ರಕ್ಕೂ ಅದರ ಕೇಬಲ್ಲಿಗೂ ನಡುವೆ ಮೀಟರನ್ನು ಆಂಪಿಯರ್ ಸ್ಥಾನದಲ್ಲಿ ಸೇರಿಸಿ ಅಳೆದೆವು. ೦.೮ ಆಂಪಿಯರ್ ತೋರಿತು. ಶನಿವಾರ ಸಂಜೆ ೬ರಿಂದ ಸೋಮವಾರ ಬೆಳಗ್ಗೆ ೬ರವರೆಗೆ ೩೬ ಗಂಟೆ.

೦.೮ ಆಂಪಿಯರ್ × ೩೬ ಗಂಟೆ = ೨೮.೮ ಆಂಪಿಯರ್-ಗಂಟೆ

ಕಾರಿನ ಬ್ಯಾಟರಿಯ ಪೂರ್ಣ ಧಾರಣೆಯೇ ೩೫ ಆಂಪಿಯರ್-ಗಂಟೆ. ಎಂಜಿನನ್ನು ಎಬ್ಬಿಸುವ ಸ್ಟಾರ್ಟರ್ ಮೋಟಾರಿಗೆ ಆ ಕೆಲವು ಕ್ಷಣಗಳಲ್ಲಿ ನೂರು ಆಂಪಿಯರಿಗೂ ಮೀರಿದ ಪ್ರವಾಹ ಬೇಕು. ಐದರಲ್ಲಿ ನಾಲ್ಕು ಪಾಲು ಬರಿದಾದ ಬ್ಯಾಟರಿ ಅದನ್ನು ಎಲ್ಲಿಂದ ಕೊಟ್ಟೀತು? ಸೋಮವಾರದ ಬೆಳಗು ಈ ಗುಣಾಕಾರದಲ್ಲೇ ಅಡಗಿತ್ತು.

ತಂತಿಗಳನ್ನು ಅವವುಗಳ ಸ್ಥಾನಕ್ಕೆ ಸೇರಿಸಿ ಮತ್ತೆ ಅಳೆದಾಗ ಪ್ರವಾಹ ೦.೦೩ ಆಂಪಿಯರಿಗೆ ಇಳಿಯಿತು. ನಿಂತ ಕಾರಿನಲ್ಲಿ ೦.೦೫ ಆಂಪಿಯರಿನೊಳಗಿನ ಸೋರಿಕೆಯನ್ನು ಸಹಜವೆಂದು ಎಣಿಸಬಹುದು. ಈ ಪರೀಕ್ಷೆ ಮಾಡುವಾಗ ಎರಡು ಮಾತುಗಳನ್ನು ನೆನಪಿಡಬೇಕು. ಮೀಟರು ಸೇರಿಸಿರುವಾಗ ಎಂಜಿನನ್ನು ಎಬ್ಬಿಸಲು ಯತ್ನಿಸಬಾರದು. ಸಾಮಾನ್ಯ ಮೀಟರು ೧೦ ಆಂಪಿಯರಿಗಿಂತ ಹೆಚ್ಚನ್ನು ತಾಳಲಾರದು. ಎರಡನೆಯದಾಗಿ, ಈಚಿನ ಕಾರುಗಳ ಎಲೆಕ್ಟ್ರಾನಿಕ್ ಭಾಗಗಳು ಬಾಗಿಲು ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಎಚ್ಚರವಾಗಿರುವುದರಿಂದ, ಅರ್ಧ ಗಂಟೆಯಾದರೂ ಕಾದು ಅಳೆಯಬೇಕು. ಆಮೇಲೂ ಸೋರಿಕೆ ಕಂಡರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ನೋಡತಕ್ಕದ್ದು. ಯಾವುದನ್ನು ತೆಗೆದಾಗ ಅಂಕೆ ಇಳಿಯುವುದೋ ಕಳ್ಳನು ಆ ದಾರಿಯಲ್ಲಿರುತ್ತಾನೆ.

ಝೇಂಕಾರ ಎಲ್ಲಿಂದ ಬಂತು?

ಎಂಜಿನ್ ವೇಗ ಏರಿದಂತೆ ಝೇಂಕಾರದ ಸ್ವರವೂ ಏರುತ್ತಿತ್ತು; ಎಂಜಿನ್ ನಿಲ್ಲಿಸಿದರೆ ಮಾಯವಾಗುತ್ತಿತ್ತು. ಇದೇ ಮುಖ್ಯ ಸಾಕ್ಷ್ಯ. ಕಾರಿನಲ್ಲಿ ಎಂಜಿನೊಡನೆ ತಿರುಗುತ್ತ ವಿದ್ಯುತ್ತನ್ನು ಉಂಟುಮಾಡುವ ಯಂತ್ರ ಆಲ್ಟರ್ನೇಟರ್. ಅದರಲ್ಲಿ ಹುಟ್ಟುವುದು ಹಿಂದುಮುಂದಾಗಿ ಹರಿಯುವ ಪರ್ಯಾಯ ಪ್ರವಾಹ; ಡಯೋಡುಗಳು ಅದನ್ನು ಏಕಮುಖವಾಗಿಸುವುವು. ಹಾಗೆ ಏಕಮುಖವಾದರೂ ಅದರ ಮೇಲೆ ಸಣ್ಣ ತೆರೆಗಳು ಉಳಿದಿರುತ್ತವೆ. ಎಂಜಿನ್ ವೇಗವಾದಂತೆ ತೆರೆಗಳು ಸೆಕೆಂಡಿಗೆ ಹೆಚ್ಚು ಬಾರಿ ಏಳುವುದರಿಂದ ಸ್ವರ ಏರುವುದು. ಪ್ರಶ್ನೆ ಇಷ್ಟೇ: ಆ ತೆರೆ ಸಂಗೀತದೊಳಗೆ ನುಸುಳಿದ್ದು ಹೇಗೆ?

ಪೆಟ್ಟಿಗೆಯ ಕಪ್ಪು ತಂತಿಯನ್ನು ಹಿಂಬಾಲಿಸಿದೆವು. ಅದನ್ನು ಫಲಕದ ಹಿಂದಿನ ಸಣ್ಣ ತಂತಿಯೊಂದಕ್ಕೆ ಹೊಸೆದಿದ್ದರು; ಆ ತಂತಿಯೋ ಇನ್ನೂ ಹಲವು ಉಪಕರಣಗಳ ಮರಳುದಾರಿಯಾಗಿ, ತುಕ್ಕು ಹಿಡಿದ ತಿರುಪೊಂದರ ಅಡಿಯಲ್ಲಿ ಮುಗಿದಿತ್ತು. ಎಂಜಿನ್ ಓಡಿಸಿ, ಹಾಡನ್ನು ಜೋರಾಗಿಸಿ, ಬ್ಯಾಟರಿಯ ಋಣಾಗ್ರಕ್ಕೂ ಪೆಟ್ಟಿಗೆಯ ಕಪ್ಪು ತಂತಿಗೂ ನಡುವಿನ ವೋಲ್ಟೇಜನ್ನು ಅಳೆದಾಗ ೦.೭ ವೋಲ್ಟು ಬಂತು. ದಾರಿ ಒಳ್ಳೆಯದಾಗಿದ್ದರೆ ಅದು ೦.೧ ವೋಲ್ಟಿನ ಆಸುಪಾಸು ಇರಬೇಕಿತ್ತು. ಆಗ ಹರಿಯುತ್ತಿದ್ದ ಪ್ರವಾಹ ಸುಮಾರು ೫ ಆಂಪಿಯರ್. ಓಮನ ನಿಯಮದಂತೆ,

ರೋಧ = ೦.೭ ÷ ೫ = ೦.೧೪ ಓಂ

ಇದು ಅಲ್ಪವೆಂದು ತೋರಬಹುದು. ಆದರೆ ೧.೫ ಚದರ ಮಿಲಿಮೀಟರ್ ದಪ್ಪದ ಅರ್ಧ ಮೀಟರ್ ತಾಮ್ರದ ತಂತಿಯ ರೋಧ ಸುಮಾರು ೦.೦೦೬ ಓಂ ಮಾತ್ರ. ತುಕ್ಕು, ಬಣ್ಣ ಮತ್ತು ಸಡಿಲವಾದ ಹೊಸೆತ ಸೇರಿ ದಾರಿಯನ್ನು ಇಪ್ಪತ್ತು ಪಟ್ಟಿಗೂ ಹೆಚ್ಚು ಇಕ್ಕಟ್ಟಾಗಿಸಿದ್ದುವು. ಇತರ ಉಪಕರಣಗಳ ಏರಿಳಿಯುವ ಪ್ರವಾಹವೂ ಅದೇ ಇಕ್ಕಟ್ಟಿನಲ್ಲಿ ಹಾಯುವಾಗ, ಪೆಟ್ಟಿಗೆಯು 'ಸೊನ್ನೆ' ಎಂದು ನಂಬಿದ ಮಟ್ಟವೇ ಅಲುಗಾಡುತ್ತಿತ್ತು. ಆ ಅಲುಗಾಟವನ್ನು ಆಂಪ್ಲಿಫಯರು ಸಂಗೀತವೆಂದೇ ಭಾವಿಸಿ ಹಿಗ್ಗಿಸುತ್ತಿತ್ತು.

ಇಲ್ಲಿ ಕೊಳ್ಳೇಗಾಲದ ನೆರೆಯ ಶಿವನಸಮುದ್ರವನ್ನು ನೆನೆಯುವುದು ಉಚಿತ. ೧೯೦೨ರಲ್ಲಿ ಅಲ್ಲಿನ ವಿದ್ಯುದಾಗಾರದಿಂದ ಸುಮಾರು ೧೪೭ ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿದರು. ಅಷ್ಟು ಉದ್ದದ ತಂತಿಯ ರೋಧವನ್ನು ಗೆದ್ದದ್ದು ಹೇಗೆ? ವೋಲ್ಟೇಜನ್ನು ಮೂವತ್ತು ಸಾವಿರಕ್ಕೂ ಮೇಲೆ ಏರಿಸಿದ್ದರಿಂದ ಅದೇ ಶಕ್ತಿಗೆ ಬೇಕಾದ ಪ್ರವಾಹ ಕಡಿಮೆಯಾಯಿತು. ಪ್ರವಾಹ ಕಡಿಮೆಯಾದಂತೆ ತಂತಿಯಲ್ಲಿನ ನಷ್ಟವೂ ತಗ್ಗಿತು. ಕಾರಿನ ಸ್ಥಿತಿ ಇದಕ್ಕೆ ವಿರುದ್ಧ. ೬೦ ವ್ಯಾಟಿನ ಉಪಕರಣಕ್ಕೆ ಮನೆಯ ೨೩೦ ವೋಲ್ಟಿನಲ್ಲಿ ಕಾಲು ಆಂಪಿಯರ್ ಸಾಕು. ೧೨ ವೋಲ್ಟಿನ ಕಾರಿನಲ್ಲಿ ೫ ಆಂಪಿಯರ್ ಬೇಕು. ಆದುದರಿಂದ ಮನೆಯಲ್ಲಿ ಗಮನಕ್ಕೇ ಬಾರದ ೦.೧೪ ಓಂ ಕಾರಿನಲ್ಲಿ ತೊಂದರೆ ಕೊಡುವುದು.

ಫಲಕದ ಹಿಂದಿನ ಉಕ್ಕಿನ ಪಟ್ಟಿಯೊಂದರ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು, ಕಪ್ಪು ತಂತಿಯನ್ನು ಅಲ್ಲಿಗೆ ಪ್ರತ್ಯೇಕವಾಗಿ ತಿರುಪಿನಿಂದ ಬಿಗಿದೆವು. ಮೀಟರು ೦.೦೫ ವೋಲ್ಟು ತೋರಿತು. ದುಂಬಿ ಹಾರಿಹೋಯಿತು.

ಕಾಣೆಯಾದ ಮೃದಂಗ

ಸ್ಪೀಕರಿನ ಕಾಗದದ ಶಂಕು ಮುಂದಕ್ಕೂ ಹಿಂದಕ್ಕೂ ಚಲಿಸಿ ಗಾಳಿಯನ್ನು ನೂಕುವುದು. ಎಡ ಬಲ ಸ್ಪೀಕರುಗಳೆರಡೂ ಒಟ್ಟಿಗೆ ಮುಂದೆ, ಒಟ್ಟಿಗೆ ಹಿಂದೆ ಹೋಗಬೇಕು. ಒಂದರ ಧನ ಋಣ ತಂತಿಗಳು ಅದಲುಬದಲಾದರೆ ಒಂದು ನೂಕುವಾಗ ಇನ್ನೊಂದು ಎಳೆಯುವುದು. ದೀರ್ಘ ತರಂಗಗಳುಳ್ಳ ತಗ್ಗುಸ್ವರಗಳು ಪರಸ್ಪರ ಅಳಿಸಿಹೋಗುವುವು. ಹಾಡುಗಾರನ ಧ್ವನಿ ಉಳಿದು ಮೃದಂಗ ಕಾಣೆಯಾಗುವುದಕ್ಕೆ ಇದು ಸಾಮಾನ್ಯವಾದ ಕಾರಣ.

ಪರೀಕ್ಷೆ ಸುಲಭ. ಸ್ಪೀಕರಿನ ಎರಡು ತಂತಿಗಳನ್ನೂ ಪೆಟ್ಟಿಗೆಯಿಂದ ಬಿಡಿಸಿ, ಗೋಡೆಗಡಿಯಾರದ ೧.೫ ವೋಲ್ಟಿನ ಸೆಲ್ಲನ್ನು ಅವಕ್ಕೆ ಒಂದು ಕ್ಷಣ ಮಾತ್ರ ತಾಗಿಸಬೇಕು. ಶಂಕು ಮುಂದಕ್ಕೆ ಚಿಮ್ಮಿದರೆ ಸೆಲ್ಲಿನ ಧನಾಗ್ರ ತಾಗಿದ ತಂತಿಯೇ ಸ್ಪೀಕರಿನ ಧನ. ಮಿತ್ರರ ಕಾರಿನಲ್ಲಿ ಮುಂದಿನ ಬಲ ಸ್ಪೀಕರು ತಲೆಕೆಳಗಾಗಿತ್ತು. ಅದನ್ನು ಸರಿಪಡಿಸಿದೊಡನೆ ಮೃದಂಗ ಮರಳಿತು.

ಸ್ಪೀಕರಿನ ಎರಡು ತಂತಿಗಳಲ್ಲಿ ಯಾವುದನ್ನೂ ಮೈಗೆ ಕೂಡಿಸಬಾರದು. ಹಿಂದಿನ ಕಾಲದ ಕೆಲವು ಕಾರುಗಳಲ್ಲಿ ಸ್ಪೀಕರಿನ ಒಂದು ತುದಿ ಮೈಗೇ ಸೇರಿರುತ್ತಿತ್ತು. ಈಗಿನ ಪೆಟ್ಟಿಗೆಗಳಲ್ಲಿ ಎರಡು ತುದಿಗಳೂ ಬೇರೆಬೇರೆ ಆಂಪ್ಲಿಫಯರುಗಳಿಂದ ಬರುವುವು. ಎರಡರಲ್ಲೂ ಬ್ಯಾಟರಿಯ ಅರ್ಧದಷ್ಟು ವೋಲ್ಟೇಜು ನಿಂತಿರುವುದು. ಒಂದು ಮೈಗೆ ತಗುಲಿದರೂ ಪೆಟ್ಟಿಗೆ ತನ್ನನ್ನು ರಕ್ಷಿಸಿಕೊಳ್ಳಲು ಮೂಕವಾಗುವುದು, ಇಲ್ಲವೆ ಸುಟ್ಟುಹೋಗುವುದು.

ಪೆಟ್ಟಿಗೆಯ ಮೇಲೆ ಅಚ್ಚಾದ '೪ × ೫೦ ವ್ಯಾಟ್' ಎಂಬುದನ್ನೂ ಪರೀಕ್ಷಿಸೋಣ. ಎಂಜಿನ್ ಓಡುವಾಗ ದೊರೆಯುವುದು ಸುಮಾರು ೧೪ ವೋಲ್ಟು. ಸ್ಪೀಕರಿನ ರೋಧ ೪ ಓಂ. ಪ್ರವಾಹದ ಪರಮಾವಧಿ ೧೪ ÷ ೪ = ೩.೫ ಆಂಪಿಯರ್. ಶುದ್ಧ ಸ್ವರವೊಂದರ ಸರಾಸರಿ ಶಕ್ತಿ ಪರಮಾವಧಿಯ ಅರ್ಧ, ಎಂದರೆ ೧೪ × ೩.೫ ÷ ೨ = ೨೪.೫ ವ್ಯಾಟ್. ಸ್ವರವನ್ನು ಪೂರ್ತಿ ಕೆಡಿಸಿ ಚೌಕಾಕಾರಕ್ಕೆ ತಂದರೆ ಮಾತ್ರ ೪೯ ವ್ಯಾಟ್ ಆದೀತು. ಕೇಳಲು ತಕ್ಕ ಸಂಗೀತಕ್ಕೆ ಆ ಐವತ್ತು ಸಲ್ಲದು.

ತಂತಿಯ ದೋಷವೋ, ಬೆಟ್ಟದ ನೆರಳೋ?

ಮೈಸೂರು ಆಕಾಶವಾಣಿಯ ಎಫ್‌ಎಂ ಪ್ರಸಾರ ೧೦೦.೬ ಮೆಗಾಹರ್ಟ್ಸ್‌ನದು, ಅದರ ತರಂಗದ ಉದ್ದ ಸುಮಾರು ೩ ಮೀಟರ್. ಇಷ್ಟು ಕಿರಿದಾದ ತರಂಗಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುವುವು. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟ ಹತ್ತುವಾಗ, ಹನೂರಿನಿಂದ ಮಹದೇಶ್ವರನ ಬೆಟ್ಟದ ತಿರುವುಗಳನ್ನು ಸುತ್ತುವಾಗ, ಬೆಟ್ಟದ ಸಾಲು ಅಡ್ಡ ಬಂದೊಡನೆ ಧ್ವನಿ ಅಡಗುವುದು ಸಹಜ. ಅದಕ್ಕೆ ತಂತಿಯನ್ನು ದೂರಬಾರದು. ಕೊಳ್ಳೇಗಾಲದ ಬಯಲಿನಲ್ಲಿ, ಪಕ್ಕದ ಕಾರಿನಲ್ಲಿ ಚೆನ್ನಾಗಿ ಕೇಳಿಸುವ ಕೇಂದ್ರ ನಮ್ಮದರಲ್ಲಿ ಮಾತ್ರ ಕ್ಷೀಣವಾಗಿದ್ದರೆ ಆಗ ತಂತಿಯನ್ನು ನೋಡಬೇಕು. ಕಾರಿನೊಡನೆ ಊರೂರಿಗೆ ಬರುವ ದೋಷ ಕಾರಿನದು. ಒಂದೇ ತಿರುವಿನಲ್ಲಿ ಕಾದು ನಿಂತಿರುವ ದೋಷ ಬೆಟ್ಟದ್ದು. ಮಿತ್ರರ ಕಾರಿನ ಆಂಟೆನಾದ ಬುಡದಲ್ಲಿ ಕ್ಷೀಣ ಸಂಕೇತವನ್ನು ಹೆಚ್ಚಿಸುವ ಸಣ್ಣ ಸಾಧನವಿತ್ತು. ಅದಕ್ಕೆ ಶಕ್ತಿ ಕೊಡಬೇಕಾದ ನೀಲಿ ತಂತಿ ಯಾವುದಕ್ಕೂ ಸೇರದೆ ನೇತಾಡುತ್ತಿತ್ತು.

ಫ್ಯೂಸಿನ ಮಾತು

ಕೊನೆಯದಾಗಿ ಕಂಡದ್ದು ನಮ್ಮನ್ನು ಬೆಚ್ಚಿಸಿತು. ೧೦ ಆಂಪಿಯರಿನ ಫ್ಯೂಸು ಇರಬೇಕಾದ ಕಡೆ ಯಾರೋ ೩೦ ಆಂಪಿಯರಿನದನ್ನು ಹಾಕಿದ್ದರು. ಹಿಂದೊಮ್ಮೆ ಫ್ಯೂಸು ಮೇಲಿಂದ ಮೇಲೆ ಹೋಗುತ್ತಿತ್ತಂತೆ. ಫ್ಯೂಸು ಹೋಗುವುದು ರೋಗವಲ್ಲ, ರೋಗದ ಸೂಚನೆ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದು. ಪ್ರವಾಹ ೧೦ರಿಂದ ೩೦ಕ್ಕೆ, ಎಂದರೆ ಮೂರು ಪಟ್ಟು ಏರಿದರೆ ಶಾಖವು ಒಂಬತ್ತು ಪಟ್ಟು ಏರುವುದು. ಸಣ್ಣ ತಂತಿಗೆ ದೊಡ್ಡ ಫ್ಯೂಸು ಹಾಕಿದಾಗ ಫ್ಯೂಸು ಉಳಿಯುವುದು, ತಂತಿಯ ಹೊದಿಕೆ ಕರಗುವುದು. ಬೇಸಿಗೆಯಲ್ಲಿ, ಒಣಗಿದ ಕಾಡಿನ ನಡುವಣ ಬೆಟ್ಟದ ದಾರಿಯಲ್ಲಿ, ಮಕ್ಕಳು ಮುದುಕರು ತುಂಬಿದ ಕಾರಿನೊಳಗೆ ಹೊಗೆ ಎದ್ದರೆ ಆಗುವ ಅನಾಹುತವನ್ನು ವಾಚಕರೇ ಊಹಿಸಬಹುದು. ನಾವು ೧೦ ಆಂಪಿಯರಿನದನ್ನೇ ಹಾಕಿ, ಬರಿಯ ಟೇಪು ಸುತ್ತಿದ ಗಂಟುಗಳನ್ನೆಲ್ಲ ಬಿಚ್ಚಿ ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ಕೊಳವೆಯನ್ನು ತೊಡಿಸಿದೆವು. ಬಿಸಿಲಿಗೆ ಟೇಪಿನ ಅಂಟು ಕರಗಿ ಸುತ್ತು ಬಿಚ್ಚಿಕೊಳ್ಳುವುದು ನಮ್ಮ ಸೀಮೆಯಲ್ಲಿ ತೀರ ಸಾಮಾನ್ಯ.

ಎಲ್ಲ ಕೆಲಸವೂ ಮುಗಿದಾಗ ರಾತ್ರಿ ಒಂಬತ್ತಾಗಿತ್ತು. ಕೂಡಿಸಿ ನೋಡಿದರೆ ನಾವು ಬದಲಿಸಿದ್ದು ಐದಾರು ಜೋಡಣೆ ಮತ್ತು ಒಂದು ಫ್ಯೂಸು. ಆ ಹುಡುಗನಿಗೆ ಕೈಚಳಕದ ಕೊರತೆಯಿರಲಿಲ್ಲ. ಅಳೆಯುವ ಮೊದಲೇ ಅವನು ಹೊಸೆದದ್ದೇ ತಪ್ಪಾಯಿತು. ಮರುದಿನ ಅವನನ್ನು ಕರೆದು ಮೀಟರು ಹಿಡಿಯುವುದನ್ನು ತೋರಿಸಿದೆವು. ಅರ್ಧ ಗಂಟೆಯಲ್ಲಿ ಕಲಿತನು.

ವಿದ್ಯಾರ್ಥಿಗಳಿಗೊಂದು ಅಭ್ಯಾಸ. ನಿಂತ ಕಾರೊಂದರಲ್ಲಿ ಸೋರಿಕೆ ೦.೨ ಆಂಪಿಯರ್ ಇದೆ. ಬ್ಯಾಟರಿ ೩೫ ಆಂಪಿಯರ್-ಗಂಟೆಯದು. ಅರ್ಧ ಬರಿದಾದರೆ ಎಂಜಿನ್ ಏಳದೆಂದು ಇಟ್ಟುಕೊಳ್ಳಿ. ಕಾರನ್ನು ನಿಲ್ಲಿಸಿ ಊರಿಗೆ ಹೋದವರು ಎಷ್ಟು ದಿನದೊಳಗೆ ಮರಳಬೇಕು? ಲೆಕ್ಕ ಮಾಡಿದವರು ನಾಲ್ಕನೆಯ ದಿನಕ್ಕಾಗಿ ಕಾಯಲಾರರು. ನಮ್ಮ ಮಿತ್ರರ ತಾಯಿಯವರಿಗೆ ವೈದ್ಯರು ಮುಂದಿನ ಸೋಮವಾರಕ್ಕೆ ಬೇರೆ ಹೊತ್ತು ಕೊಟ್ಟಿದ್ದರು. ಆ ಬೆಳಗ್ಗೆ ಕಾರು ಮೊದಲ ತಿರುವಿಗೇ ಎದ್ದಿತು.